ಸೀಲ್ ಒಡೆದ ಮೇಲೆ ನೀರಿನ ಜವಾಬ್ದಾರಿ ಯಾರದ್ದು ಸ್ವಾಮಿ?

ನಿಮ್ಮ ಮನೆಯಲ್ಲಿ 20 ಲೀಟರ್ ಕ್ಯಾನನ್ನು ತಲೆಕೆಳಗಾಗಿ ಹೊತ್ತು ನಿಂತಿರೋ ವಾಟರ್ ಕೂಲರ್ ಇದ್ದರೆ ನಿಮಗೊಂದು ಪ್ರಶ್ನೆ. ಅದರ ಒಳಭಾಗವನ್ನ ಕೊನೇ ಸಲ ತೊಳೆದದ್ದು ಯಾವಾಗ? ಹಬ್ಬಕ್ಕೆ ಹೊರಗಿನ ಮೈ ಒರೆಸಿದ್ದು ಲೆಕ್ಕಕ್ಕಿಲ್ಲ. ಕ್ಯಾನ್ ಎತ್ತಿದಾಗ ಕಾಣೋ ಆ ಬಟ್ಟಲು, ಅದರ ಕೆಳಗಿನ ಟ್ಯಾಂಕು, ನಲ್ಲಿಯ ಬಾಯಿ, ಇವನ್ನ ತೊಳೆದದ್ದು?

ನಾನು ಈ ಪ್ರಶ್ನೆ ಕೇಳಿದ ಮನೆಗಳಲ್ಲಿ ಸಿಕ್ಕ ಉತ್ತರಗಳು ಮೂರೇ ಮೂರು. "ಅದನ್ನೂ ತೊಳೀಬೇಕಾ?" ಅನ್ನೋದು ಒಂದು. "ಒಳಗೆ ಹೋಗೋದು ಶುದ್ಧ ನೀರು ತಾನೇ, ತೊಳೆಯೋದು ಯಾಕೆ?" ಅನ್ನೋದು ಎರಡನೇದು. "ವರ್ಷಕ್ಕೊಂದ್ಸಲ ಸರ್ವೀಸಿನವನು ಬರ್ತಾನೆ" ಅನ್ನೋದು ಮೂರನೇದು. ಮೂರನ್ನೂ ಕೊಟ್ಟವರು ಓದಿದವರೇ. ಊಟಕ್ಕೆ ಮುಂಚೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳೋರು, ಹೋಟೆಲಿನಲ್ಲಿ ಜಗ್ಗಿನ ನೀರು ಮುಟ್ಟದೆ ಬಾಟಲ್ಲೇ ಬೇಕು ಅನ್ನೋರು.

ನನ್ನ ತಕರಾರು ಇಷ್ಟೇ. ನಾವು ದುಡ್ಡು ಕೊಟ್ಟು ನೀರನ್ನ ಕೊಂಡುಕೊಂಡ್ವಿ, ಜೊತೆಗೆ ಶುಚಿತ್ವವನ್ನೂ ಕೊಂಡುಕೊಂಡ್ವಿ ಅಂತ ಭ್ರಮೆ ಪಟ್ವಿ. ಶುಚಿತ್ವ ಅಂಗಡಿಯಲ್ಲಿ ಸಿಗೋ ಸಾಮಾನಲ್ಲ. ಅದು ಮತ್ತೆ ಮತ್ತೆ ಮಾಡಬೇಕಾದ ಕೆಲಸ. ಕ್ಯಾನಿನ ಮೇಲಿನ ಸೀಲು ಹೇಳೋದು ಏನಂದ್ರೆ, "ಕಾರ್ಖಾನೆಯಿಂದ ಹೊರಡುವಾಗ ಇದು ಸರಿ ಇತ್ತು" ಅಂತ. ಅದನ್ನು ನೀವು ಕಿತ್ತು ಎಸೆದ ಕ್ಷಣಕ್ಕೆ ಕಾರ್ಖಾನೆಯ ಜವಾಬ್ದಾರಿ ಮುಗೀತು, ನಿಮ್ಮದು ಶುರುವಾಯ್ತು.

ಇದು ಬರೀ ಮಾತಲ್ಲ, ಕೂಲರ್ ಕೆಲಸ ಮಾಡೋ ರೀತಿಯಲ್ಲೇ ಇದೆ. ಬೋರಲು ಹಾಕಿದ ಕ್ಯಾನಿನ ಕುತ್ತಿಗೆ ಕೂಲರಿನ ಬಟ್ಟಲಿನ ನೀರಲ್ಲಿ ಮುಳುಗಿರುತ್ತೆ. ನೀವು ಒಂದು ಲೋಟ ನೀರು ಹಿಡಿದಾಗ ಬಟ್ಟಲಿನ ಮಟ್ಟ ಇಳಿಯುತ್ತೆ, ಕುತ್ತಿಗೆ ಗಾಳಿಗೆ ತೆರೆದುಕೊಳ್ಳುತ್ತೆ, ಗುಳುಗುಳು ಅಂತ ಗಾಳಿ ಮೇಲೇರುತ್ತೆ, ಅಷ್ಟೇ ಪ್ರಮಾಣದ ನೀರು ಕೆಳಗಿಳಿಯುತ್ತೆ. ಕೇಳೋಕೆ ಚೆನ್ನಾಗಿರೋ ಆ ಗುಳುಗುಳು ಏನು ಗೊತ್ತಾ? ನಿಮ್ಮ ಮನೆಯ ಗಾಳಿ. ಒಗ್ಗರಣೆ ಹೊಗೆ, ಕಸ ಗುಡಿಸುವಾಗ ಎದ್ದ ಧೂಳು, ಯಾರೋ ಸೀನಿದ್ದು, ಎಲ್ಲ ಇರೋ ಗಾಳಿ. 20 ಲೀಟರ್ ನೀರು ಹೊರಗೆ ಬರೋದ್ರೊಳಗೆ 20 ಲೀಟರ್ ಗಾಳಿ ಒಳಗೆ ಹೋಗಿರುತ್ತೆ. ಗಾಳಿಗೆ ಫಿಲ್ಟರ್ ಇರೋ ಮಾಡೆಲ್‌ಗಳೂ ಇವೆ. ಆದ್ರೆ ಸಾಮಾನ್ಯವಾಗಿ ಮನೆಗಳಲ್ಲಿ ನಾನು ನೋಡಿರೋ ಕೂಲರುಗಳಲ್ಲಿ ಅದು ಇಲ್ಲ.

ಇನ್ನು ಆ ಕುತ್ತಿಗೆ. ಕ್ಯಾನ್ ತರೋ ಹುಡುಗ ಅದನ್ನ ಹಿಡಿಯೋದೇ ಕುತ್ತಿಗೆಯಲ್ಲಿ. ಎರಡು ಕ್ಯಾನ್ ಹೊತ್ತು ಮೂರು ಮಹಡಿ ಹತ್ತೋನಿಗೆ ಬೇರೆ ಎಲ್ಲಿ ಹಿಡಿಯೋಕಾಗುತ್ತೆ? ಅದಕ್ಕೂ ಮುಂಚೆ ಅದು ಟೆಂಪೋದಲ್ಲಿ ಉರುಳಾಡಿದೆ, ಫುಟ್‌ಪಾತಿನ ಮೇಲೆ ನಿಂತಿದೆ, ಅಂಗಡಿ ಮುಂದೆ ಬಿಸಿಲು ಕಾಯಿಸಿದೆ. ಆ ಕುತ್ತಿಗೆಯನ್ನ ಒರೆಸದೆ ಹಾಗೇ ಕುಡಿಯೋ ನೀರಿನ ಬಟ್ಟಲಿಗೆ ಅದ್ದುತ್ತೀವಿ. ಸೀಲು ಇದ್ದದ್ದು ಕುತ್ತಿಗೆಯ ಒಳಗಿಗೆ, ಮುಳುಗೋದು ಹೊರಗೂ ಸೇರಿ. ಇಷ್ಟು ಯೋಚಿಸೋಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ.

"ಸ್ವಲ್ಪ ಧೂಳು ಹೋದ್ರೆ ಏನು ಮಹಾ?" ಅನ್ನಬಹುದು. ಇಲ್ಲೊಂದು ಸೂಕ್ಷ್ಮ ಇದೆ. ಜಲಮಂಡಳಿಯ ನೀರಲ್ಲಿ ಕ್ಲೋರಿನ್ ಇರುತ್ತೆ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಬಳಕೆದಾರನ ಹತ್ತಿರ ಬರೋ ಹೊತ್ತಿಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಯಾಕಂದ್ರೆ ದಾರಿಯಲ್ಲಿ ಏನಾದ್ರೂ ಕ್ರಿಮಿ ಸೇರಿಕೊಂಡ್ರೆ ಅದನ್ನ ಕೊಲ್ಲೋಕೆ ಒಬ್ಬ ಕಾವಲುಗಾರ ಜೊತೆಗೇ ಇರಲಿ ಅಂತ. ಕ್ಯಾನಿನ ನೀರಿನ ಕಥೆ ಬೇರೆ. ಇಂಗಾಲದ ಫಿಲ್ಟರು ಕ್ಲೋರಿನ್ನನ್ನ ತೆಗೆದುಬಿಡುತ್ತೆ, ಅದಾದ ಮೇಲೆ ಆರ್‌ಓ, ಕೊನೆಗೆ ಯುವಿ ಅಥವಾ ಓಝೋನ್. ಯುವಿ ಬೆಳಕು ದೀಪದ ಕೆಳಗೆ ಹಾದುಹೋಗುವಾಗ ಮಾತ್ರ ಕೆಲಸ ಮಾಡುತ್ತೆ. ಓಝೋನ್ ಬೇಗ ಒಡೆದು ಆಮ್ಲಜನಕವಾಗಿಬಿಡುತ್ತೆ. ಅಂದ್ರೆ ಈ ನೀರಿಗೆ ಕಾವಲುಗಾರ ಇರೋದು ಕಾರ್ಖಾನೆಯ ಗೇಟಿನಲ್ಲಿ. ನಿಮ್ಮ ಮನೆಗೆ ಅದು ಒಂಟಿಯಾಗಿ ಬಂದಿರುತ್ತೆ. ನಮ್ಮ ವಿಪರ್ಯಾಸ ನೋಡಿ, ಯಾವ ನೀರಿಗೆ ರಕ್ಷಣೆ ಇಲ್ಲವೋ ಅದನ್ನೇ "ತಾನಾಗಿಯೇ ಶುದ್ಧವಾಗಿರುತ್ತೆ" ಅಂತ ನಂಬಿ ಕೂತಿದ್ದೀವಿ.

ಒಳಗೆ ಹೋದ ಕ್ರಿಮಿಗಳು ಸುಮ್ಮನೆ ತೇಲ್ತಾ ಇರಲ್ಲ. ಗೋಡೆಗೆ ಅಂಟಿಕೊಳ್ಳುತ್ತವೆ, ತಮ್ಮ ಸುತ್ತ ಅಂಟಿನ ಒಂದು ಪದರ ಕಟ್ಟಿಕೊಳ್ಳುತ್ತವೆ. ಸ್ನಾನದ ಬಕೆಟ್ಟನ್ನ ವಾರಗಟ್ಟಲೆ ಉಜ್ಜದೆ ಬಿಟ್ಟು ಒಳಗೆ ಕೈಯಾಡಿಸಿದ್ರೆ ಜಾರುತ್ತಲ್ಲ, ಆ ಲೋಳೆ ಅದೇ. ಅಷ್ಟು ನೀರು ಅದೇ ಬಕೆಟ್ಟಿನಿಂದ ದಿನಾ ಸುರಿದು ಹೋಗ್ತಾ ಇದ್ರೂ ಲೋಳೆ ಹೋಗಿರಲ್ಲ, ಗಮನಿಸಿದೀರಾ? ಹಾಗೆಯೇ ಕೂಲರಿನೊಳಗೂ "ದಿನಾ ಹೊಸ ನೀರು ಹರೀತಾ ಇರುತ್ತಲ್ಲ" ಅನ್ನೋ ವಾದ ನಿಲ್ಲಲ್ಲ. ಲೋಳೆ ಹೋಗಬೇಕಾದ್ರೆ ಉಜ್ಜಬೇಕು, ಆಮೇಲೆ ಕ್ರಿಮಿನಾಶಕ ತಾಗಬೇಕು.

"ತಣ್ಣಗಿರುತ್ತಲ್ಲ, ಕ್ರಿಮಿ ಹೇಗೆ ಬೆಳೆಯುತ್ತೆ?" ಫ್ರಿಜ್ಜಿನಲ್ಲಿಟ್ಟ ದೋಸೆ ಹಿಟ್ಟು ಹುಳಿ ಬರಲ್ವಾ? ಬರುತ್ತೆ, ನಿಧಾನಕ್ಕೆ. ತಂಪು ಕ್ರಿಮಿಗಳನ್ನ ನಿಧಾನ ಮಾಡುತ್ತೆ, ಕೊಲ್ಲಲ್ಲ. ಅಲ್ಲದೆ ತಂಪು ಇರೋದು ಕೆಳಗಿನ ಟ್ಯಾಂಕಿನಲ್ಲಿ. ಮೇಲಿನ ಕ್ಯಾನು, ನಲ್ಲಿಯ ಬಾಯಿ, ಮಾಮೂಲಿ ನೀರಿನ ಕೊಳವೆ, ಎಲ್ಲ ರೂಮಿನ ಉಷ್ಣತೆಯಲ್ಲೇ ಇರುತ್ತವೆ. ಕ್ಯಾನಿಗೆ ಬಿಸಿಲು ಬಿದ್ದರೆ ಕೇಳೋದೇ ಬೇಡ, ಪಾಚಿ ಉಚಿತ.

ಈಗ ನನಗೆ ತುಂಬಾ ಸಿಟ್ಟು ತರಿಸೋ ವಿಷಯಕ್ಕೆ ಬರ್ತೀನಿ. ಟಿಡಿಎಸ್! ನಮ್ಮ ಅಪಾರ್ಟ್‌ಮೆಂಟಿನ ಒಂದು ಮೀಟಿಂಗಿನಲ್ಲಿ ಕುಡಿಯೋ ನೀರಿನ ಬಗ್ಗೆ ಸುಮಾರು ಒಂದು ಗಂಟೆ ಮಾತಾಯ್ತು. ಒಬ್ಬರು ಜೇಬಿನಿಂದ ಪೆನ್ನಿನಂಥ ಮೀಟರ್ ತೆಗೆದು ಲೋಟಕ್ಕೆ ಅದ್ದಿ "ನೋಡಿ, ನಮ್ಮ ಕ್ಯಾನ್ ನೀರು 40, ಅವರದ್ದು 90" ಅಂದ್ರು. ಎಲ್ಲರೂ ತಲೆ ಆಡಿಸಿದ್ರು. ಆ ಮೀಟರ್ ಅಳೆಯೋದು ನೀರಿನಲ್ಲಿ ಕರಗಿರೋ ಲವಣಗಳಿಂದ ಎಷ್ಟು ವಿದ್ಯುತ್ ಹರಿಯುತ್ತೆ ಅನ್ನೋದನ್ನ. ಕ್ರಿಮಿಗಳ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. 40 ಅಂತ ತೋರಿಸೋ ನೀರಿನಲ್ಲಿ ವಾಂತಿಭೇದಿಗೆ ಬೇಕಾದಷ್ಟು ಕ್ರಿಮಿ ಇರಬಹುದು, 400 ಅಂತ ತೋರಿಸೋ ನೀರು ಯಾವ ಕ್ರಿಮಿಯೂ ಇಲ್ಲದೆ ಚೆನ್ನಾಗಿರಬಹುದು. ಅದೇ ಐಎಸ್ 10500 ಟಿಡಿಎಸ್ 500ರವರೆಗೆ ಸ್ವೀಕಾರಾರ್ಹ ಅನ್ನುತ್ತೆ, ಬೇರೆ ಮೂಲ ಇಲ್ಲದಿದ್ರೆ 2000ದವರೆಗೂ ಬಿಡುತ್ತೆ. ಆ ಒಂದು ಗಂಟೆಯಲ್ಲಿ ಕೂಲರ್ ತೊಳೆಯೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ನಂಬರ್ ಸಿಕ್ಕಿದ್ರೆ ಸಾಕು ನಮಗೆ, ಅದು ಯಾವ ಪ್ರಶ್ನೆಗೆ ಉತ್ತರ ಅಂತ ಕೇಳೋ ಅಭ್ಯಾಸ ಇಲ್ಲ.

ಇದರ ಇನ್ನೊಂದು ಮುಖ, ಮನೆ ಬಾಗಿಲಿಗೆ ಬರೋ ಆ ಜಾದೂ. ಎರಡು ಲೋಟ ನೀರಿಗೆ ಕರೆಂಟ್ ಹಾಯಿಸ್ತಾರೆ, ಒಂದರಲ್ಲಿ ಕಂದು ಬಣ್ಣದ ಗಸಿ ಏಳುತ್ತೆ, "ಇದೇ ಸಾರ್ ನೀವು ಕುಡೀತಿರೋದು" ಅಂತಾರೆ. ಆ ಗಸಿ ನೀರಿನಲ್ಲಿ ಇದ್ದದ್ದಲ್ಲ, ಅವನು ಅದ್ದಿದ ಕಬ್ಬಿಣದ ಕಡ್ಡಿ ಕರಗಿ ಬಂದದ್ದು. ಲವಣ ಇರೋ ನೀರಿನಲ್ಲಿ ಕರೆಂಟ್ ಹರಿಯುತ್ತೆ, ಕಡ್ಡಿ ಕರಗುತ್ತೆ. ಆರ್‌ಓ ನೀರಿನಲ್ಲಿ ಹರಿಯೋದು ಕಡಿಮೆ, ಗಸಿ ಕಡಿಮೆ. ಪಿಯುಸಿ ರಸಾಯನಶಾಸ್ತ್ರ ಇದು. ಓದಿ ಪಾಸಾದವರೇ ಬೆಚ್ಚಿಬಿದ್ದು ಚೆಕ್ ಬರೆದುಕೊಟ್ಟಿದ್ದನ್ನ ನೋಡಿದ್ದೀನಿ :-)

ಹಿಂದಿನವರು ಏನು ಮಾಡ್ತಿದ್ರು? ನೀರು ಒಳ್ಳೇದು ಅಂತ ಕೊಡ ತೊಳೆಯೋದನ್ನ ಯಾರೂ ಬಿಡ್ತಿರಲಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ಬೆಳಗಿ, ಆಮೇಲೆ ನೀರು ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ ಸೋಸಿ ಇಡ್ತಿದ್ರು. ಹಳೇ ಕಾಲ ಬಲು ಚೆಂದ ಅಂತ ಹೊಗಳೋಕೆ ನಾನು ಹೊರಟಿಲ್ಲ. ಕಾಲರಾಕ್ಕೆ ಓಣಿಗೆ ಓಣಿಯೇ ಖಾಲಿಯಾಗ್ತಿದ್ದದ್ದೂ ಅದೇ ಕಾಲದಲ್ಲಿ. ಆದ್ರೆ ನಾರುಹುಣ್ಣಿನ ಕಥೆ ನೆನಪಿಸಿಕೊಳ್ಳಿ. ಮೆಟ್ಟಿಲು ಬಾವಿಯ ನೀರಿನ ಜೊತೆ ಹೊಟ್ಟೆಗೆ ಹೋಗಿ, ವರ್ಷದ ಮೇಲೆ ಕಾಲಿನ ಚರ್ಮ ಒಡೆದು ಗಜದುದ್ದದ ಹುಳ ಹೊರಬರ್ತಿದ್ದ ಕಾಯಿಲೆ. ಕರ್ನಾಟಕದಲ್ಲೂ ಇತ್ತು. ಅದಕ್ಕೆ ಲಸಿಕೆ ಇಲ್ಲ, ಔಷಧಿ ಇಲ್ಲ. ಭಾರತದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮನ್ನ ನಾರುಹುಣ್ಣು ಮುಕ್ತ ದೇಶ ಅಂತ ಘೋಷಿಸಿತು. ಇದು ಆಗಿದ್ದು ಹೇಗೆ? ಮೆಟ್ಟಿಲು ಬಾವಿ ಮುಚ್ಚಿದ್ರು, ಬೋರ್‌ವೆಲ್ ಹಾಕಿದ್ರು, ನೀರನ್ನ ನಯವಾದ ಬಟ್ಟೆಯಲ್ಲಿ ಸೋಸಿ ಕುಡಿಯೋದನ್ನ ಮನೆಮನೆಗೆ ಕಲಿಸಿದ್ರು. ಅಕ್ಷರ ಬಾರದ ಜನ ದಿನಾ ಬಟ್ಟೆ ಹಿಡಿದು ನೀರು ಸೋಸಿ ಒಂದು ರೋಗವನ್ನ ದೇಶದಿಂದ ಓಡಿಸಿದ್ರು. ನಮಗೆ ತಿಂಗಳಿಗೊಂದು ಸಲ ಬ್ರಷ್ ಹಿಡಿಯೋಕೆ ಪುರುಸೊತ್ತಿಲ್ಲ.

ಯಾಕಿಲ್ಲ ಅಂದ್ರೆ, ನಮಗೆ ಸೀಲು ಅನ್ನೋದು ಹೊಸ ಮಡಿ. ಮಡಿ ಬೇರೆ, ಶುಚಿ ಬೇರೆ. ಮಡಿಯಲ್ಲಿ ಕೇಳೋದು "ಯಾರು ಮುಟ್ಟಿದ್ರು?" ಅಂತ. ಶುಚಿಯಲ್ಲಿ ಕೇಳೋದು "ಯಾವಾಗ ತೊಳೆದ್ರಿ?" ಅಂತ. ಮನೆಗೆಲಸದವಳಿಗೆ ಬೇರೆ ಲೋಟ ಇಟ್ಟಿರೋ ಮನೆಗಳು ಬೆಂಗಳೂರಿನಲ್ಲಿ ಇವತ್ತಿಗೂ ಇವೆ. ವಾಚ್‌ಮನ್ನಿಗೆ ನೀರು ಕೊಡೋಕೆ ಹಳೇ ಬಾಟಲ್ ತೆಗೆದಿಟ್ಟಿರ್ತಾರೆ. ಅವರು ಮುಟ್ಟಿದ್ರೆ ಮೈಲಿಗೆ, ಕೂಲರಿನ ನಲ್ಲಿಯೊಳಗಿನ ಲೋಳೆ ಮಾತ್ರ ಸೀಲ್ ಆಗಿ ಬಂದದ್ದು! ತಮಾಷೆ ಏನಂದ್ರೆ, ಅವಳು ತನ್ನ ಮನೆಯ ಪ್ಲಾಸ್ಟಿಕ್ ಕೊಡವನ್ನ ದಿನಾ ಉಜ್ಜಿ ತೊಳೆದೇ ನೀರು ಹಿಡಿಯೋದು. ಕೂಲರಿನಿಂದ ನಿಜವಾಗ್ಲೂ ಯಾರಿಗಾದ್ರೂ ಅಪಾಯ ಇದ್ರೆ ಅದು ಅವಳಿಗೇ.

ಸರ್ಕಾರದ ಗುರುತು ಇರುತ್ತಲ್ಲ ಅನ್ನೋರಿಗೆ ಒಂದು ಸುದ್ದಿ. ಪ್ಯಾಕ್ ಮಾಡಿದ ಕುಡಿಯೋ ನೀರಿನ ಮಾನಕ ಐಎಸ್ 14543. ಈ ನೀರಿಗೆ ಐಎಸ್‌ಐ ಗುರುತು ಕಡ್ಡಾಯ ಅಂತ ಇದ್ದ ನಿಯಮವನ್ನ 2024ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕೈಬಿಟ್ಟಿತು. ಅದೇ ವರ್ಷದ ಕೊನೆಗೆ ಇದೇ ನೀರನ್ನ "ಹೆಚ್ಚಿನ ಅಪಾಯ"ದ ಆಹಾರಗಳ ಪಟ್ಟಿಗೆ ಸೇರಿಸಿತು. ಅಂದ್ರೆ ಪ್ರಾಧಿಕಾರಕ್ಕೇ ಇದು ಹುಷಾರಾಗಿ ನೋಡಬೇಕಾದ ಪದಾರ್ಥ ಅಂತ ಗೊತ್ತು. ಕ್ಯಾನ್ ತಗೊಳ್ಳುವಾಗ 14 ಅಂಕಿಯ ಲೈಸೆನ್ಸ್ ನಂಬರು, ತುಂಬಿದ ದಿನಾಂಕ ನೋಡಿ, ಗೀರು ಬಿದ್ದು ಮಬ್ಬಾದ ಕ್ಯಾನ್ ವಾಪಸ್ ಕಳಿಸಿ. ಆದ್ರೆ ಯಾವ ಪ್ರಾಧಿಕಾರದ ಇನ್ಸ್‌ಪೆಕ್ಟರೂ ನಿಮ್ಮ ಅಡುಗೆಮನೆಗೆ ಬರಲ್ಲ.

ಕೂಲರ್ ಮಾಡೋರಿಗೂ ನಾಲ್ಕು ಮಾತು. ಬಿಸಿ, ತಣ್ಣಗೆ, ಮಾಮೂಲಿ ಅಂತ ಮೂರು ನಲ್ಲಿಯ ಫೋಟೋ ಡಬ್ಬದ ಮೇಲೆ ದೊಡ್ಡದಾಗಿ. ತೊಳೆಯೋ ವಿಧಾನ ಮ್ಯಾನ್ಯುಯಲ್ಲಿನ ಕೊನೇ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಕನ್ನಡದಲ್ಲಂತೂ ಇರೋದೇ ಇಲ್ಲ. ಟ್ಯಾಂಕಿನೊಳಗೆ ಕೈ ಹೋಗಲ್ಲ. ನೀರು ಬಸಿಯೋ ಬಿರಡೆ ಗೋಡೆ ಕಡೆಗೆ, ನೆಲಕ್ಕೆ ಅಂಟಿಕೊಂಡು. ತೊಳೆಯಬೇಕಾದ ವಸ್ತುವನ್ನ ತೊಳೆಯೋಕಾಗದಂತೆ ಕಟ್ಟೋದಕ್ಕೆ ವಿನ್ಯಾಸ ಅಂತ ಹೆಸರು ಬೇರೆ! ಕ್ಯಾನಿನ ಲೇಬಲ್ಲಿನ ಮೇಲೆ "ಕುತ್ತಿಗೆ ಒರೆಸಿ, ಕೂಲರ್ ತೊಳೆಯಿರಿ" ಅಂತ ಕನ್ನಡದಲ್ಲಿ ಎರಡು ಸಾಲು ಹಾಕೋಕೆ ಎಷ್ಟು ಖರ್ಚು?

ಸರಿ, ಬೈದದ್ದಾಯ್ತು. ಕೆಲಸ ಏನು ಅಂತ ಹೇಳ್ತೀನಿ. ಮೊದಲು ಪ್ಲಗ್ ಕಿತ್ತುಬಿಡಿ. ಹೀಟರ್ ಇದ್ರೆ ಒಳಗಿನ ನೀರು ಪೂರ್ತಿ ಆರೋವರೆಗೂ ಕಾಯಿರಿ, ಅವಸರ ಮಾಡಿ ಕೈ ಸುಟ್ಟುಕೊಳ್ಳಬೇಡಿ. ಖಾಲಿ ಕ್ಯಾನ್ ಎತ್ತಿ, ನಲ್ಲಿಗಳಿಂದಲೂ ಹಿಂದಿನ ಬಿರಡೆಯಿಂದಲೂ ಇದ್ದ ನೀರನ್ನೆಲ್ಲ ಬಸಿದುಬಿಡಿ. ಕೈ ಸೋಪು ಹಾಕಿ ತೊಳೆದುಕೊಳ್ಳಿ. 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅಂದ್ರೆ 15 ಎಂಎಲ್, ವಾಸನೆ ಬಣ್ಣ ಸೇರಿಸದ ಮಾಮೂಲಿ ಬ್ಲೀಚ್ ಬೆರೆಸಿ. ಇದಕ್ಕೇ ಅಂತ ಇಟ್ಟ ಹೊಸ ಬ್ರಷ್ಷಿನಿಂದ ಬಟ್ಟಲನ್ನೂ ಕೈಗೆಟುಕುವಷ್ಟು ಟ್ಯಾಂಕನ್ನೂ ಉಜ್ಜಿ. ಅದೇ ದ್ರಾವಣ ತುಂಬಿಸಿ 2ರಿಂದ 5 ನಿಮಿಷ ಬಿಡಿ, ಅದಕ್ಕಿಂತ ಹೆಚ್ಚು ಬಿಟ್ರೆ ಲೋಹ ತುಕ್ಕು ಹಿಡಿಯುತ್ತೆ. ನಂತರ ನಲ್ಲಿಗಳ ಮೂಲಕವೇ ಹೊರಗೆ ಬಿಡಿ, ನಲ್ಲಿಯ ಒಳಗೂ ಅದು ತಾಗಬೇಕಲ್ಲ. ಬಿಸಿ ಟ್ಯಾಂಕಿಗೆ ಬ್ಲೀಚ್ ಬೇಡ ಅಂತ ಮ್ಯಾನ್ಯುಯಲ್ ಹೇಳಿದ್ರೆ ಅದನ್ನ ಕೇಳಿ. ಆಮೇಲೆ ವಾಸನೆ ಪೂರ್ತಿ ಹೋಗೋವರೆಗೂ, ಮೂರ್ನಾಲ್ಕು ಸಲ, ಕುಡಿಯೋ ನೀರಿನಲ್ಲೇ ಜಾಲಾಡಿಸಿ. ಸಂಪಿನ ನೀರಿನಲ್ಲಿ ಜಾಲಾಡಿಸಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಒಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ಬ್ಲೀಚಿಗೆ ವಿನೆಗರ್, ನಿಂಬೆರಸ, ಟಾಯ್ಲೆಟ್ ತೊಳೆಯೋ ಆಸಿಡ್, ಏನನ್ನೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತೆ, ಅದು ವಿಷ. ಬಿಳಿ ಕರೆ ತೆಗೆಯೋಕೆ ವಿನೆಗರ್ ಬೇಕಾದ್ರೆ ಬೇರೆ ದಿನ ಬಳಸಿ, ಚೆನ್ನಾಗಿ ತೊಳೆದ ಮೇಲೆ.

ಹೊಸ ಕ್ಯಾನ್ ಹಾಕೋಕೆ ಮುಂಚೆ ಕುತ್ತಿಗೆ, ಮುಚ್ಚಳ ಎರಡನ್ನೂ ತೊಳೆದು ಶುಭ್ರ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೀಲ್ ಕೀಳಿ. ಬಿಸಿ ನಲ್ಲಿಯಲ್ಲಿ ನೀರು ಬಂದದ್ದನ್ನ ನೋಡಿಯೇ ಸ್ವಿಚ್ ಹಾಕಿ, ಇಲ್ಲಾಂದ್ರೆ ಖಾಲಿ ಟ್ಯಾಂಕಿನಲ್ಲಿ ಹೀಟರ್ ಸುಟ್ಟುಹೋಗುತ್ತೆ. ಪ್ರತಿ ಕ್ಯಾನಿಗೂ ಇಡೀ ಕೂಲರ್ ತೊಳೀಬೇಕು ಅನ್ನೋದು ಕಟ್ಟುನಿಟ್ಟಿನ ಸಲಹೆ. ಅಷ್ಟಾಗದಿದ್ರೆ ಕುತ್ತಿಗೆ ಒರೆಸೋದು ಪ್ರತಿ ಸಲ, ಇಡೀ ಕೂಲರ್ ತಿಂಗಳಿಗೊಮ್ಮೆ, ಇದರಲ್ಲಿ ರಿಯಾಯಿತಿ ಕೇಳಬೇಡಿ. ಊರಿಗೆ ಹೋಗಿ ವಾರ ಬಿಟ್ಟು ಬಂದ್ರೆ ಹಳೇ ನೀರು ಗಿಡಕ್ಕೆ ಹಾಕಿ, ತೊಳೆದೇ ಶುರು ಮಾಡಿ. ಕೂಲರ್ ಇಲ್ಲದೆ ಕ್ಯಾನಿನ ಮೇಲೆ ಬ್ಯಾಟರಿ ಪಂಪ್ ಸಿಕ್ಕಿಸಿಕೊಂಡವರೂ ನಗಬೇಡಿ, ನಿಮ್ಮ ಆ ಉದ್ದ ಕೊಳವೆಯೂ ಕೂಲರೇ. ನಲ್ಲಿ ಇರೋ ಮಣ್ಣಿನ ಮಡಕೆಗೂ ಇದೇ ಮಾತು, ಬ್ಲೀಚ್ ಬದಲು ಕುದಿಯೋ ನೀರು, ಬ್ರಷ್ಷು.

ಲೋಟದ ಕೆಳಗಿನ ತಟ್ಟೆ ಮರೀಬೇಡಿ. ಅದರಲ್ಲಿ ನಿಂತ ನೀರು ಈಡಿಸ್ ಸೊಳ್ಳೆಗೆ ಸಾಕು, ಮೊಟ್ಟೆಯಿಂದ ಸೊಳ್ಳೆಯಾಗೋಕೆ ಒಂದು ವಾರ, ಹತ್ತು ದಿನ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಸಾರಿ, ಸೊಳ್ಳೆ ಬೆಳೆಸೋ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತ್ತು. ಪಕ್ಕದ ಸೈಟಿನ ಟೈರಿನ ಬಗ್ಗೆ ದೂರು ಕೊಡೋ ಮುಂಚೆ ಈ ತಟ್ಟೆ ಬಗ್ಗಿಸಿ.

"ನಮಗೆ ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ" ಅನ್ನೋದು ಕೊನೆಯ ವಾದ. ನಿಜ ಇರಬಹುದು. ಇಂಥ ಲೋಳೆಯಲ್ಲಿ ಬೆಳೆಯೋ ಬಹಳಷ್ಟು ಕ್ರಿಮಿಗಳು ಗಟ್ಟಿಮುಟ್ಟಾದವರನ್ನ ಏನೂ ಮಾಡಲ್ಲ. ಸ್ಯೂಡೊಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಹಾಗೇನೇ. ಆದ್ರೂ ಐಎಸ್ 14543 ಅದು 250 ಎಂಎಲ್ ನೀರಿನಲ್ಲಿ ಒಂದೂ ಇರಕೂಡದು ಅನ್ನುತ್ತೆ. ಯಾಕೆ? ನೀರು ಕುಡಿಯೋರು ಎಲ್ಲರೂ 28 ವರ್ಷದ, ಜಿಮ್ಮಿಗೆ ಹೋಗೋ ಟೆಕ್ಕಿಗಳಲ್ಲ. ಕೀಮೋಥೆರಪಿ ಮಾಡಿಸಿಕೊಂಡು ಬಂದ ಅತ್ತೆ ಇರ್ತಾರೆ, ಸಕ್ಕರೆ ಕಾಯಿಲೆಯ ಅಜ್ಜ ಇರ್ತಾರೆ, ಬಾಟಲಿ ಹಾಲು ಕುಡಿಯೋ ಮಗು ಇರುತ್ತೆ. ಪುಡಿ ಹಾಲನ್ನ ಕುದಿಸಿ ಆರಿಸಿದ, 70 ಡಿಗ್ರಿಗಿಂತ ಕಡಿಮೆ ಇಲ್ಲದ ನೀರಿನಲ್ಲಿ ಕಲಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮಾಮೂಲಿ ನಲ್ಲಿಯಿಂದ ಅರ್ಧ, ಬಿಸಿ ನಲ್ಲಿಯಿಂದ ಅರ್ಧ ಹಿಡಿದು "ಉಗುರು ಬೆಚ್ಚಗೆ ಸರಿಹೋಯ್ತು" ಅನ್ನೋ ಅಪ್ಪಂದಿರೇ, ಮಗುವಿಗೆ ಒಲೆ ಮೇಲೆ ನೀರು ಕುದಿಸಿ. ಏನೂ ಆಗದವರ ಲೆಕ್ಕ ಹಿಡಿದು ಆಗಬಹುದಾದವರ ಲೋಟ ತುಂಬಿಸಬೇಡಿ.

ನಂಬಿಕೆ ಬರದಿದ್ರೆ ಒಂದು ಪರೀಕ್ಷೆ ಮಾಡಿ, ಮೀಟರ್ ಬೇಡ. ಒಂದು ಬಡ್‌ನ ತುದಿಯನ್ನ ಒದ್ದೆ ಮಾಡಿ ನಲ್ಲಿಯ ಬಾಯೊಳಗೆ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆಯಿರಿ. ಬಿಳಿಯಾಗೇ ಬಂದ್ರೆ ನಿಮಗೆ ನನ್ನ ನಮಸ್ಕಾರ, ನೀವು ಇದನ್ನ ಓದೋ ಅಗತ್ಯವೇ ಇರಲಿಲ್ಲ. ಬೇರೆ ಬಣ್ಣದಲ್ಲಿ ಬಂದ್ರೆ ನನಗೆ ಹೇಳೋದು ಬೇಡ. ಮನೆಯವರಿಗೆ ತೋರಿಸಿ, ಪ್ಲಗ್ ಕೀಳಿ.